ಮಂಜುಗಡ್ಡೆಯ ಪಾಲು

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಬೇಸಿಗೆ ಕಾಲಿಟ್ಟರೆ ಸಾಕು, ಕೆಫೆಗಳ ಮೇಜಿನ ಮೇಲೆ ಪತ್‌ಬಿಂಗ್ಸು ಬಂದು ಕೂರುತ್ತದೆ. ನುಣ್ಣಗೆ ಹೆರೆದ ಮಂಜುಗಡ್ಡೆಯ ದಿಬ್ಬ, ನೆತ್ತಿಯ ಮೇಲೆ ಸಕ್ಕರೆ ಹಾಕಿ ಬೇಯಿಸಿದ ಕೆಂಪು ಕಾಳು, ಪಕ್ಕದಲ್ಲಿ ಅಕ್ಕಿಯ ಮೆತ್ತನೆಯ ತುಣುಕುಗಳು. ಈಗ ಹಲವೆಡೆ ನೀರಿನ ಬದಲು ಹಾಲನ್ನೇ ಗಡ್ಡೆಕಟ್ಟಿಸಿ ಹೆರೆಯುತ್ತಾರೆ. ನಾಲಿಗೆಗೆ ತಾಗಿದೊಡನೆ ಅದು ಕರಗಿಹೋಗುತ್ತದೆ, ಕಾಳು ಮಾತ್ರ ಹಲ್ಲಿಗೆ ಸಿಗುತ್ತದೆ. ಬಟ್ಟಲು ದೊಡ್ಡದು, ಸಾಮಾನ್ಯವಾಗಿ ಒಂದಕ್ಕೇ ಎರಡು ಮೂರು ಚಮಚ ಇಳಿಯುತ್ತವೆ.

ನನ್ನ ಮನಸ್ಸು ನಿಲ್ಲುವುದು ಆ ನಾಡಿನ ಮಂಜುಗಡ್ಡೆಯ ಹಳೆಯ ಕಥೆಯಲ್ಲಿ. ಫ್ರಿಜ್ ಇಲ್ಲದ ಜೋಸನ್ ಅರಸರ ಕಾಲದಲ್ಲಿ, ಚಳಿಗೆ ಗಡ್ಡೆಕಟ್ಟಿದ ಹಾನ್ ನದಿಯಿಂದ ಹಿಮವನ್ನು ಕಡಿದು ತಂದು, ಉಗ್ರಾಣಗಳಲ್ಲಿ ಬೇಸಿಗೆವರೆಗೂ ಕಾಪಾಡುತ್ತಿದ್ದರು. ಗ್ಯೊಂಗ್‌ಜು ಊರಿನಲ್ಲಿ 1738ರಲ್ಲಿ ಕಟ್ಟಿದ ಅಂಥದೊಂದು ಕಲ್ಲಿನ ಉಗ್ರಾಣ ಇಂದಿಗೂ ಇದೆ. ಕೂಡಿಟ್ಟ ಮಂಜುಗಡ್ಡೆ ಅರಮನೆಗೆ, ಅಧಿಕಾರಿಗಳಿಗೆ ಹೋಗುತ್ತಿತ್ತು, ನಿಜ. ಆದರೆ ರೋಗಿಗಳಿಗೂ ಸೆರೆಯಲ್ಲಿದ್ದವರಿಗೂ ಅದರಲ್ಲಿ ಪಾಲು ಕೊಡಬೇಕೆಂದು ಅಂದಿನ ಕಾನೂನೇ ಹೇಳುತ್ತಿತ್ತು. ಇದು ಸಣ್ಣ ಮಾತಲ್ಲ. ಅಷ್ಟು ಕಷ್ಟಪಟ್ಟು ಉಳಿಸಿದ ತಂಪು ಕೈದಿಯ ಬಾಯಿಗೂ ಸಿಗಲಿ ಎಂದು ಯಾರೋ ಕೂತು ಯೋಚಿಸಿದ್ದಾರಲ್ಲ!

ಈ ಬೇಸಿಗೆಯಲ್ಲಿ ನೀವು ತಣ್ಣಗಿನದೇನಾದರೂ ತರಿಸಿಕೊಂಡಾಗ, ಹೊರಗೆ ಬಿಸಿಲಲ್ಲಿ ದುಡಿಯುತ್ತಿರುವವರಿಗೂ ಒಂದು ಲೋಟ ಕೊಡಿಸಿ.