ಲೈನ್ ಕ್ಲಿಯರ್ ಅಂದ್ರೆ ಏನ್ರಿ?

ಇವತ್ತಿನ ಪದ 'ಲೈನ್'.

ಲೋಂಡಾ ಜಂಕ್ಷನ್‌ನಿಂದ ಮೂರು ದಿಕ್ಕಿಗೆ ಲೈನ್ ಹೋಗ್ತವೆ: ಬೆಳಗಾವಿ ದಾಟಿ ಮೀರಜಿಗೆ, ಅಳ್ನಾವರ ದಾಟಿ ಹುಬ್ಬಳ್ಳಿಗೆ, ಕ್ಯಾಸಲ್‌ರಾಕ್ ಘಾಟಿ ಇಳಿದು ಗೋವಾಕ್ಕೆ. ಟಿಕೆಟ್ ಕಿಟಕಿ ಮುಂದೆ ಹಚ್ಚೋದೂ ಲೈನೇ. ಹುಡುಗಿ ಹಿಂದೆ ಸುತ್ತೋ ಹುಡುಗ 'ಲೈನ್ ಹೊಡಿಯಾಕತ್ತಾನ'. ಫೋನಿನಲ್ಲಿ 'ಲೈನ್‌ನ್ಯಾಗ ಇರ್ರಿ'. ಗಾಳಿ-ಮಳೆಗೆ 'ಲೈನ್ ಹರದೈತಿ' ಅಂದ್ರೆ ಕರೆಂಟ್ ತಂತಿ.

ಇದರ ಮೂಲ ಲ್ಯಾಟಿನ್‌ನ 'ಲೀನಮ್', ಅಂದರೆ ಅಗಸೆ. ಅದರ ನಾರಿನ ದಾರದಿಂದ ಬಂದ ಮಾತು ಲೈನ್. ನಾವು ರೊಟ್ಟಿ ಜೊತೆ ತಿನ್ನೋ ಅಗಸಿ ಹಿಂಡಿ ಇದೆಯಲ್ಲ, ಅದೇ ಗಿಡ!

ಈಗ ಮುಖ್ಯ ಮಾತಿಗೆ ಬರೋಣ. ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್ನಿಂದ 'ಲೈನ್ ಕ್ಲಿಯರ್' ಪಡೆದರೆ, ಹಳಿ ಖಾಲಿ ಇದೆ, ಗಾಡಿ ಬಿಡಬಹುದು ಅಂತ ಅರ್ಥ. ಹೆಸ್ಕಾಂ ಲೈನ್‌ಮನ್ ಸಬ್‌ಸ್ಟೇಷನ್ನಿಂದ 'ಲೈನ್ ಕ್ಲಿಯರ್' ಪಡೆದರೆ, ಕರೆಂಟ್ ಬಂದ್ ಆಗಿದೆ, ಕೆಲಸ ಶುರು ಮಾಡಬಹುದು ಅಂತ ಅರ್ಥ. ಮಾತು ಒಂದೇ. ಅಲ್ಲಿ ಗಾಡಿ ಬರ್ತದೆ, ಮನುಷ್ಯ ಹಳಿ ಮೇಲೆ ಇರಬಾರದು. ಇಲ್ಲಿ ಮನುಷ್ಯ ಕಂಬದ ಮೇಲಿದ್ದಾನೆ, ಕರೆಂಟ್ ಬರಬಾರದು.

ಕೆಲಸ ಮುಗಿಸಿ, ಎಲ್ಲರೂ ಕೆಳಗಿಳಿದು, ಲೈನ್‌ಮನ್ ಆ 'ಲೈನ್ ಕ್ಲಿಯರ್' ವಾಪಸ್ ಕೊಟ್ಟ ಮೇಲೇ ಕರೆಂಟ್ ಬಿಡಬೇಕು. ನಡುವೆ ಅವಸರ ಮಾಡಿದರೆ ಹೋಗೋದು ಜೀವ.

ಹಾಗಾಗಿ ಮಳೆಗಾಲದಾಗ 'ಕರೆಂಟ್ ಯಾವಾಗ ಬರ್ತದ್ರಿ?' ಅಂತ ಫೋನ್ ಹಚ್ಚಿ ರೇಗೋ ಮುಂಚೆ ಸ್ವಲ್ಪ ತಾಳ್ರಿ. ಯಾರೋ ಒಬ್ಬರು ಇನ್ನೂ ಕಂಬದ ಮೇಲಿರಬಹುದು.