ನಮ್ಮ ಬೀದಿಯ ಕಸ ಯಾರ ಊರಿಗೆ?



ನಿಮ್ಮ ಮನೆಯ ಮುಂದಿನ ಕಸ ಎಲ್ಲಿಗೆ ಹೋಗುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಬೆಂಗಳೂರಿನ ಕಸ ಹಲವು ವರ್ಷ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳಿಗೆ ಹೋಗುತ್ತಿತ್ತು. ದುರ್ವಾಸನೆಯಿಂದಲೂ ಕೆಟ್ಟ ನೀರಿನಿಂದಲೂ ಬೇಸತ್ತ ಹಳ್ಳಿಗರು ಪ್ರತಿಭಟಿಸಿದರು. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ನಗರದ ಬೀದಿಗಳಲ್ಲೇ ರಾಶಿ ಬಿದ್ದಿತು. 2014ರ ಕೊನೆಗೆ ಮಂಡೂರಿಗೆ ಹೋಗುವುದೂ ನಿಂತಿತು.

ಒಂದೇ ಬಡಾವಣೆಯ ಸಂಘ ಎಚ್ಚೆತ್ತರೆ ಕಸ ಪಕ್ಕದ ಬಡಾವಣೆಗೆ ಸರಿಯುತ್ತದೆ, ಅಷ್ಟೆ. ಇದನ್ನರಿತ ಹಲವು ಬಡಾವಣೆಗಳ ನಾಗರಿಕರು ಒಂದುಗೂಡಿದರು. ಹಸಿ ಕಸ, ಒಣ ಕಸ, ಬ್ಯಾಂಡೇಜಿನಂಥ ಹೊಲಸು ಕಸ ಎಂದು ಮನೆಯಲ್ಲೇ ಮೂರು ಬಗೆಯಾಗಿ ಬೇರ್ಪಡಿಸುವ ಕ್ರಮವನ್ನು ಮೊದಲು ತಾವೇ ಪಾಲಿಸಿದರು; ಬಳಿಕ ಅದನ್ನು ಹೈಕೋರ್ಟಿನ ಮುಂದಿಟ್ಟರು. 2015ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ಕ್ರಮವನ್ನು ನಗರಕ್ಕೆಲ್ಲ ಅನ್ವಯಿಸಿತು.

ಆದೇಶ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ನಾವು ಬೆರೆಸಿ ಎಸೆದುದನ್ನು ಕೈಯಿಂದ ಬಿಡಿಸಬೇಕಾದವರು ಪೌರಕಾರ್ಮಿಕರು. ಆದ್ದರಿಂದ ನಿಮ್ಮ ಬೀದಿಯ ಸಂಘದ ಸಭೆಗೆ ಹೋಗಿ, ನೆರೆಬೀದಿಯವರನ್ನೂ ಕರೆಯಿರಿ. ನಮ್ಮ ಬೀದಿ ಚೊಕ್ಕಟವಾಗಿದೆಯೆಂದು ಹೆಮ್ಮೆಪಡುವ ಮೊದಲು, ನಮ್ಮ ಕಸ ಇಂದು ಯಾರ ಊರಿನಲ್ಲಿದೆಯೆಂದು ಕೇಳಿರಿ.