ನಿಂಬೆಹಣ್ಣಿನ ಬೆಳಕು



ಈಚೆಗೆ ನಮ್ಮ ಸಿದ್ದಾಪುರದ ಶಾಲಾ ಬಾಲಕಿಯೊಬ್ಬಳು ನಾಲ್ಕು ನಿಂಬೆಹಣ್ಣುಗಳನ್ನು ನನ್ನ ಮುಂದಿರಿಸಿದಳು. ಪ್ರತಿಯೊಂದಕ್ಕೂ ಸತು ಲೇಪಿಸಿದ ಮೊಳೆಯನ್ನೂ ತಾಮ್ರದ ತಂತಿಯನ್ನೂ ಒಂದಕ್ಕೊಂದು ತಾಗದಂತೆ ಚುಚ್ಚಿದ್ದಳು. ಒಂದರ ತಾಮ್ರವನ್ನು ಮುಂದಿನದರ ಮೊಳೆಗೆ ಜೋಡಿಸುತ್ತ ಹೋಗಿ, ಕೊನೆಯ ಎರಡು ತುದಿಗಳಿಗೆ ಕೆಂಪು ಎಲ್‌ಇಡಿ ದೀಪವೊಂದನ್ನು ಸೇರಿಸಿದಳು. ಅದು ಮಂದವಾಗಿ ಬೆಳಗಿತು.

“ಹಣ್ಣಿನೊಳಗೂ ಮಿಂಚು ಅಡಗಿದೆಯಲ್ಲ!” ಎಂದೆ. ಕಾವ್ಯ ಬೋಧಿಸಿದವನ ಚಪಲ.

“ಅಲ್ರೀ ಸರ್, ಶಕ್ತಿ ಹಣ್ಣಿಂದಲ್ಲ, ಮೊಳಿ ಮ್ಯಾಲಿನ ಸತು ಕರಗತೈತ್ರಿ” ಎಂದಳು.

ಅವಳೆಂದುದೇ ನಿಜ. ಸತು ಹುಳಿರಸದಲ್ಲಿ ಕರಗುತ್ತ ಬಿಟ್ಟುಕೊಡುವ ಇಲೆಕ್ಟ್ರಾನುಗಳು ತಂತಿಯ ಮೂಲಕ ತಾಮ್ರದತ್ತ ಹರಿಯುತ್ತವೆ. ರಸವು ಅಯಾನುಗಳಿಗೆ ದಾರಿಯಾಗುತ್ತದೆ. ಒಂದು ಹಣ್ಣಿನ ಪಾಲು ಸುಮಾರು 0.9 ವೋಲ್ಟ್. ಕಪ್ಪೆಯ ಕಾಲು ಅದುರಿದ್ದನ್ನು ಕಂಡ ಗಾಲ್ವಾನಿ, ವಿದ್ಯುತ್ತು ಕಪ್ಪೆಯದೇ ಎಂದು 1791ರಲ್ಲಿ ಬರೆದ. ಎರಡು ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯಿಟ್ಟು, ಕಪ್ಪೆಯಿಲ್ಲದೆಯೂ ವಿದ್ಯುತ್ತು ಹರಿಯುವುದನ್ನು ವೋಲ್ಟಾ 1800ರಲ್ಲಿ ತೋರಿಸಿದ. ನಾನು ಗಾಲ್ವಾನಿಯಂತೆಯೇ ಎಡವಿದ್ದೆ.

ತರಗತಿಯಲ್ಲಿ ನನ್ನ ಉಪಮೆಗಳನ್ನು ಯಾರೂ ತಿದ್ದಿದ್ದಿಲ್ಲ. ತಿದ್ದಲು ನಾನು ಆಸ್ಪದವಿತ್ತಿದ್ದೆನೆ? ಈ ಪ್ರಶ್ನೆ ಈಗ ಕಾಡುತ್ತಿದೆ.

ಲೋಹ ಕರಗಿದ ಆ ಹಣ್ಣುಗಳನ್ನು ತಿನ್ನಬಾರದೆಂದೂ ಅವಳೇ ಎಚ್ಚರಿಸಿದಳು. ಪಾನಕಕ್ಕೆ ಬೇರೆ ಹಣ್ಣು ತರಿಸಿದೆ.